ಆಟಗಳ ಕಣಜ: ಕ್ಯಾಸೆಟ್ಟಿನಿಂದ ಎಸ್‌ಎಸ್‌ಡಿಯವರೆಗೆ

ಕಂಪ್ಯೂಟರ್ ಅಂಗಡಿಗೆ ಹೋಗಿ, 'ಆಟಗಳನ್ನು ಇಡುವುದಕ್ಕೆ ಒಂದು ಎಸ್‌ಎಸ್‌ಡಿ ಬೇಕು' ಎಂದು ಕೇಳಿ ನೋಡಿ. ಅಂಗಡಿಯವರು ಮೂರು ಪೊಟ್ಟಣಗಳನ್ನು ಮೇಜಿನ ಮೇಲೆ ಇಡುತ್ತಾರೆ. ಒಂದರ ಮೇಲೆ ಸೆಕೆಂಡಿಗೆ 550 ಮೆಗಾಬೈಟ್ ಎಂದಿರುತ್ತದೆ, ಇನ್ನೊಂದರ ಮೇಲೆ 3,500, ಮೂರನೆಯದರ ಮೇಲೆ 7,000. ಅಂಕಿ ಏರಿದಂತೆ ಸಾಮಾನ್ಯವಾಗಿ ಬೆಲೆಯೂ ಏರುತ್ತದೆ. ಮೂರನೆಯದು ಮೊದಲನೆಯದಕ್ಕಿಂತ ಹನ್ನೆರಡು ಪಟ್ಟಿಗೂ ಹೆಚ್ಚು ವೇಗದ್ದು. ಹಾಗಾದರೆ ಅದರಲ್ಲಿಟ್ಟ ಆಟವೂ ಹನ್ನೆರಡು ಪಟ್ಟು ಬೇಗ ತೆರೆದುಕೊಳ್ಳುತ್ತದೆಯೆ?

ಇಲ್ಲ. ಬಹುಪಾಲು ಆಟಗಳಲ್ಲಿ ವ್ಯತ್ಯಾಸ ಕೆಲವೇ ಸೆಕೆಂಡುಗಳದ್ದು. ಇದೇಕೆ ಹೀಗೆ ಎಂಬುದನ್ನು ತಿಳಿಯಬೇಕಾದರೆ ಆಟಗಳು ಇದುವರೆಗೆ ಎಲ್ಲೆಲ್ಲಿ ವಾಸವಾಗಿದ್ದವು, ಆಡುವವರು ಯಾವ ಕಾಲದಲ್ಲಿ ಯಾವುದಕ್ಕಾಗಿ ಕಾಯುತ್ತಿದ್ದರು ಎಂಬುದನ್ನು ನೋಡಬೇಕು. ಈ ಇತಿಹಾಸ ಸುಮಾರು ಐವತ್ತು ವರ್ಷಗಳದ್ದು.

ಚಿಪ್ಪು ದುಬಾರಿ, ಕ್ಯಾಸೆಟ್ಟು ನಿಧಾನ

1976ರಲ್ಲಿ ಅಮೆರಿಕದ ಫೇರ್‌ಚೈಲ್ಡ್ ಸಂಸ್ಥೆ 'ಚಾನೆಲ್ ಎಫ್' ಎಂಬ ಆಟದ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದುವರೆಗೆ ಮನೆಗಳಿಗೆ ಬರುತ್ತಿದ್ದ ಯಂತ್ರಗಳಲ್ಲಿ ಆಟವು ವಿದ್ಯುನ್ಮಂಡಲದಲ್ಲೇ ಹುದುಗಿರುತ್ತಿತ್ತು. ಯಂತ್ರದೊಡನೆ ಬಂದ ಆಟಗಳಷ್ಟೇ ಗತಿ. ಜೆರ್ರಿ ಲಾಸನ್ ಎಂಬ ಎಂಜಿನಿಯರ್ ಮುಂದಾಳುತನದಲ್ಲಿ ರೂಪುಗೊಂಡ ಚಾನೆಲ್ ಎಫ್‌ನಲ್ಲಿ ಆಟವನ್ನು ಓದಲು ಮಾತ್ರ ಬರುವ ಸ್ಮೃತಿ ಚಿಪ್ಪಿನಲ್ಲಿ, ಅಂದರೆ ರಾಮ್ ಅಲ್ಲದ ರೋಮ್‌ನಲ್ಲಿ ಇರಿಸಲಾಯಿತು. ಆ ಚಿಪ್ಪನ್ನು ಪ್ಲಾಸ್ಟಿಕ್ ಕವಚದೊಳಗಿಟ್ಟರೆ ಅದೇ ಕಾರ್ಟ್ರಿಜ್. ಮರುವರ್ಷ ಬಂದ ಅಟಾರಿ ಯಂತ್ರ ಇದೇ ದಾರಿ ಹಿಡಿದು ಜಗತ್ಪ್ರಸಿದ್ಧವಾಯಿತು.

ಕಾರ್ಟ್ರಿಜ್‌ನ ಗುಣವೆಂದರೆ ಕಾಯುವ ಮಾತೇ ಇಲ್ಲ. ಸಂಸ್ಕಾರಕವು ಚಿಪ್ಪಿನ ಯಾವ ಬೈಟನ್ನು ಬೇಕಾದರೂ ನೇರವಾಗಿ ಓದಬಲ್ಲದು. ದೋಷವೆಂದರೆ ಬೆಲೆ. ಅಟಾರಿಯ ಆರಂಭದ ಆಟಗಳು 2 ಅಥವಾ 4 ಕಿಲೋಬೈಟ್‌ನಲ್ಲಿ ಮುಗಿಯಬೇಕಿತ್ತು. ಈ ಲೇಖನದ ಒಂದೆರಡು ಪ್ಯಾರಾಗಳಿಗೇ ಅಷ್ಟು ಜಾಗ ಬೇಕಾಗುತ್ತದೆ.

ಅಗ್ಗದ ದಾರಿ ಹಾಡು ಕೇಳುವ ಮಾಮೂಲಿ ಕ್ಯಾಸೆಟ್ಟು. 1984-85ರಲ್ಲಿ ಭಾರತ ಸರ್ಕಾರ 'ಕ್ಲಾಸ್' ಯೋಜನೆಯಡಿ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಬ್ರಿಟಿಷ್ ಕಂಪ್ಯೂಟರುಗಳನ್ನು ಕೊಟ್ಟಿತ್ತು. ಹಿರಿಯ ಶಿಕ್ಷಕರಲ್ಲಿ ಕೆಲವರಿಗೆ ಅದರ ಪರಿಚಯ ಇರಬಹುದು. ಈ ಕಂಪ್ಯೂಟರು ಕ್ಯಾಸೆಟ್ಟಿನಿಂದ ಸೆಕೆಂಡಿಗೆ 1,200 ಬಿಟ್‌ಗಳನ್ನು ಓದುತ್ತಿತ್ತು. ಒಂದು ಬೈಟ್‌ಗೆ 8 ಬಿಟ್ ಆದರೂ ಆರಂಭ ಮತ್ತು ಅಂತ್ಯವನ್ನು ಸೂಚಿಸುವ ಗುರುತುಗಳು ಸೇರಿ 10 ಆಗುತ್ತಿತ್ತು. ಅಂದರೆ ಸೆಕೆಂಡಿಗೆ 120 ಬೈಟ್. 20 ಕಿಲೋಬೈಟ್‌ನ ಆಟವೊಂದು ಒಳಗೆ ಬರಲು ಸುಮಾರು ಮೂರು ನಿಮಿಷ! ಮಧ್ಯದಲ್ಲಿ ಟೇಪು ಒಮ್ಮೆ ತೊಡರಿದರೆ ಹಿಂದಕ್ಕೆ ಸುತ್ತಿ ಮತ್ತೆ ಓದಿಸಬೇಕು.

ಇದೇ ಕಂಪ್ಯೂಟರಿಗಾಗಿ 1984ರಲ್ಲಿ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ಎಂಬ ಇಬ್ಬರು ಕೇಂಬ್ರಿಡ್ಜ್ ವಿದ್ಯಾರ್ಥಿಗಳು 'ಎಲೀಟ್' ಎಂಬ ಆಟವನ್ನು ಬರೆದರು. ಅದರಲ್ಲಿ 8 ಗೆಲಾಕ್ಸಿಗಳು, ಪ್ರತಿಯೊಂದರಲ್ಲೂ 256 ಗ್ರಹಮಂಡಲಗಳು. ಕಂಪ್ಯೂಟರಿನ ಒಟ್ಟು ಸ್ಮೃತಿ ಕೇವಲ 32 ಕಿಲೋಬೈಟ್. ಇಷ್ಟು ಜಾಗದಲ್ಲಿ 2,048 ಗ್ರಹಮಂಡಲಗಳ ವಿವರ ಹಿಡಿಸುವುದು ಹೇಗೆ? ಅವರು ಗ್ರಹಗಳನ್ನು ಸಂಗ್ರಹಿಸಲೇ ಇಲ್ಲ. ಒಂದು ಬೀಜ ಸಂಖ್ಯೆಯನ್ನೂ ಅದರಿಂದ ಹೆಸರು, ಸ್ಥಾನ, ಆರ್ಥಿಕ ಸ್ಥಿತಿಗಳನ್ನು ಪ್ರತಿ ಸಲವೂ ತಪ್ಪದೆ ಅದೇ ರೀತಿ ಹುಟ್ಟಿಸುವ ಗಣಿತದ ನಿಯಮವನ್ನೂ ಇಟ್ಟರು. ಸಂಗ್ರಹದ ಕೊರತೆಯನ್ನು ಲೆಕ್ಕಾಚಾರ ತುಂಬಿಕೊಟ್ಟಿತು. ಸಂಗ್ರಹ ಮತ್ತು ಲೆಕ್ಕಾಚಾರ ಒಂದಕ್ಕೊಂದು ಹೆಗಲು ಕೊಡುತ್ತವೆ ಎಂಬ ಈ ಅಂಶವನ್ನು ನೆನಪಿನಲ್ಲಿಡಿ. ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಬಿಲ್ಲೆಗಳ ಕಾಲ

1990ರ ದಶಕದಲ್ಲಿ ಸಿಡಿ ಬಂದಿತು. ಒಂದು ಬಿಲ್ಲೆಯಲ್ಲಿ ಸುಮಾರು 650 ಮೆಗಾಬೈಟ್, ಅಚ್ಚು ಹಾಕುವ ಖರ್ಚು ಅತ್ಯಲ್ಪ. 1994ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಸೋನಿಯ ಪ್ಲೇಸ್ಟೇಷನ್ ಇದನ್ನೇ ನೆಚ್ಚಿಕೊಂಡಿತು. ಅದರ ಸಿಡಿ ಚಾಲಕ ಸೆಕೆಂಡಿಗೆ ಹೆಚ್ಚೆಂದರೆ 300 ಕಿಲೋಬೈಟ್ ಓದುತ್ತಿತ್ತು. ಯಂತ್ರದ ಮುಖ್ಯ ಸ್ಮೃತಿ 2 ಮೆಗಾಬೈಟ್. ಅದನ್ನು ಒಮ್ಮೆ ತುಂಬಲು ಸುಮಾರು 7 ಸೆಕೆಂಡು ಬೇಕು. ಬೆಳಕಿನ ಕಿರಣವನ್ನು ಬಿಲ್ಲೆಯ ಅಲ್ಲಿ ಇಲ್ಲಿ ಒಯ್ಯುವ ಹೊತ್ತು ಬೇರೆ.

ಪ್ರತಿಸ್ಪರ್ಧಿ ನಿಂಟೆಂಡೊ 1996ರ ತನ್ನ ಯಂತ್ರದಲ್ಲಿ ಕಾರ್ಟ್ರಿಜ್ಜನ್ನೇ ಉಳಿಸಿಕೊಂಡಿತು. ಕಾಯುವಿಕೆ ಇಲ್ಲ, ಆದರೆ ಅತಿ ದೊಡ್ಡ ಕಾರ್ಟ್ರಿಜ್ ಕೂಡ 64 ಮೆಗಾಬೈಟ್‌ನದು. ಅದುವರೆಗೆ ಮುಖ್ಯವಾಗಿ ನಿಂಟೆಂಡೊ ಯಂತ್ರಗಳಿಗೆ ಬರುತ್ತಿದ್ದ 'ಫೈನಲ್ ಫ್ಯಾಂಟಸಿ' ಸರಣಿಯ ಏಳನೆಯ ಆಟ 1997ರಲ್ಲಿ ಪ್ಲೇಸ್ಟೇಷನ್‌ಗೆ ಹೋಯಿತು. ಅದಕ್ಕೆ ಮೂರು ಸಿಡಿಗಳು ಬೇಕಾದವು. ವೇಗ ಮತ್ತು ವಿಸ್ತಾರಗಳ ನಡುವೆ ಒಂದನ್ನು ಆರಿಸಬೇಕಾದಾಗ ಆಟಗಳನ್ನು ತಯಾರಿಸುವವರು ವಿಸ್ತಾರವನ್ನು ಆರಿಸಿದರು. ಆಡುವವರು ಕಾಯಲು ಕಲಿತರು. ಈ ಕಾಯುವಿಕೆಯೂ ಒಂದು ಸರಕಾಯಿತು ಎಂಬುದು ಸ್ವಾರಸ್ಯಕರ. ಆಟ ಒಳಗೆ ಬರುತ್ತಿರುವಾಗ ಬೇರೊಂದು ಪುಟ್ಟ ಆಟವನ್ನು ಆಡಿಸುವ ಉಪಾಯಕ್ಕೆ ಜಪಾನಿನ ನಾಮ್ಕೊ ಸಂಸ್ಥೆ ಅಮೆರಿಕದಲ್ಲಿ ಪೇಟೆಂಟ್ ಪಡೆದಿತ್ತು. ಅದರ ಅವಧಿ ಮುಗಿದದ್ದು 2015ರಲ್ಲಿ.

ಓಲಾಡುವ ತೋಳು

ಮುಂದೆ ಹಾರ್ಡ್ ಡಿಸ್ಕ್ ಆಟಗಳ ಮನೆಯಾಯಿತು. ಪರ್ಸನಲ್ ಕಂಪ್ಯೂಟರುಗಳಲ್ಲಿ ಮೊದಲೇ ಇತ್ತು; 2001ರಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಅದನ್ನು ಟಿವಿಗೆ ಜೋಡಿಸುವ ಆಟದ ಯಂತ್ರದೊಳಕ್ಕೂ ತಂದಿತು.

ಹಾರ್ಡ್ ಡಿಸ್ಕಿನ ಮಿತಿ ಎಲ್ಲಿದೆ ಎಂಬುದನ್ನು ಪ್ರೌಢಶಾಲೆಯ ಗಣಿತದಿಂದಲೇ ತಿಳಿಯಬಹುದು. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಮಾಹಿತಿ ಓದುಮೊನೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4.2 ಮಿಲಿಸೆಕೆಂಡ್ ಕಾಯಬೇಕು. ಅದಕ್ಕೂ ಮೊದಲು ತೋಳು ಸರಿಯಾದ ಪಥಕ್ಕೆ ಸರಿಯಬೇಕು. ಅದಕ್ಕೆ ಸುಮಾರು 9 ಮಿಲಿಸೆಕೆಂಡ್. ಒಟ್ಟು 13. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 75ರಿಂದ 80 ಬೇರೆ ಬೇರೆ ಕಡೆಗಳಿಗೆ ಹೋಗಿ ಬರಬಹುದು. ಪ್ರತಿ ಸಲ 64 ಕಿಲೋಬೈಟ್ ತಂದರೆ ಸೆಕೆಂಡಿಗೆ ಸಿಗುವುದು ಸುಮಾರು 5 ಮೆಗಾಬೈಟ್ ಮಾತ್ರ. ಇದೇ ಡಿಸ್ಕು ಒಂದೇ ಕಡೆ ಸಾಲಾಗಿರುವ ಮಾಹಿತಿಯನ್ನು ಸೆಕೆಂಡಿಗೆ 100 ಮೆಗಾಬೈಟಿಗೂ ಹೆಚ್ಚು ಓದಬಲ್ಲದು. ಓದುವುದು ಕಷ್ಟವಲ್ಲ, ಹುಡುಕಿಕೊಂಡು ಹೋಗುವುದು ಕಷ್ಟ.

ಆಟಗಳ ರಚನಕಾರರು ಇದಕ್ಕೆ ಕಂಡುಕೊಂಡ ಪರಿಹಾರ ವಿಚಿತ್ರವಾದದ್ದು. ಒಂದೇ ವಸ್ತುವಿನ ಚಿತ್ರವನ್ನು ಅದು ಬೇಕಾಗುವ ಪ್ರತಿಯೊಂದು ಜಾಗದ ಮಾಹಿತಿಯ ಜೊತೆಗೂ ನಕಲು ಮಾಡಿ ಇಡುವುದು! 2018ರಲ್ಲಿ ಬಂದ 'ಸ್ಪೈಡರ್‌ಮ್ಯಾನ್' ಆಟದಲ್ಲಿ ಕೆಲವು ತುಣುಕುಗಳು ಡಿಸ್ಕಿನಲ್ಲಿ 400 ಸಲ ನಕಲಾಗಿದ್ದವು ಎಂದು ಪ್ಲೇಸ್ಟೇಷನ್ 5ರ ವಿನ್ಯಾಸದ ಮುಖ್ಯಸ್ಥ ಮಾರ್ಕ್ ಸರ್ನಿ 2020ರ ಉಪನ್ಯಾಸವೊಂದರಲ್ಲಿ ಹೇಳಿದರು. ತೋಳಿನ ಓಲಾಟ ತಪ್ಪಿಸಲು ಜಾಗವನ್ನು ಬಲಿಕೊಟ್ಟರು ಎಂದಾಯಿತು.

ತೇಲುವ ಗೇಟು

ತೋಳೂ ಇಲ್ಲದ, ತಿರುಗುವ ತಟ್ಟೆಯೂ ಇಲ್ಲದ ಸಂಗ್ರಹದ ಬೀಜ ಇದಕ್ಕೆಲ್ಲ ಬಹಳ ಮೊದಲೇ, 1967ರಲ್ಲಿ ಬಿದ್ದಿತ್ತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡಾವನ್ ಕಾಂಗ್ ಮತ್ತು ಸೈಮನ್ ಝೀ ಎಂಬ ವಿಜ್ಞಾನಿಗಳು ಟ್ರಾನ್ಸಿಸ್ಟರಿನ ಗೇಟಿನ ಕೆಳಗೆ ಇನ್ನೊಂದು ಗೇಟನ್ನು ಸೇರಿಸಿದರು. ಈ ಎರಡನೆಯ ಗೇಟಿನ ಸುತ್ತಲೂ ಅವಾಹಕ ಪದರ. ಯಾವ ತಂತಿಯ ಸಂಪರ್ಕವೂ ಇಲ್ಲದೆ ನಡುವೆ ತೇಲಿದಂತಿರುವುದರಿಂದ ಅದು 'ತೇಲುವ ಗೇಟು'. ಸಾಕಷ್ಟು ವೋಲ್ಟೇಜ್ ಕೊಟ್ಟರೆ ಎಲೆಕ್ಟ್ರಾನುಗಳು ಅವಾಹಕವನ್ನು ದಾಟಿ ಈ ಗೇಟನ್ನು ಸೇರುತ್ತವೆ. ವೋಲ್ಟೇಜ್ ತೆಗೆದ ಮೇಲೆ ಅಲ್ಲಿಯೇ ಸಿಕ್ಕಿಬೀಳುತ್ತವೆ. ಒಳಗೆ ಎಲೆಕ್ಟ್ರಾನುಗಳಿದ್ದರೆ ಟ್ರಾನ್ಸಿಸ್ಟರ್ ಹೊತ್ತಿಕೊಳ್ಳಲು ಬೇಕಾಗುವ ವೋಲ್ಟೇಜ್ ಬದಲಾಗುತ್ತದೆ. ಅದನ್ನು ಅಳೆದರೆ 1 ಇದೆಯೋ 0 ಇದೆಯೋ ತಿಳಿಯುತ್ತದೆ. ವಿದ್ಯುತ್ ಹೋದರೂ ನೆನಪು ಅಳಿಯುವುದಿಲ್ಲ.

ಈ ಎಣಿಕೆಯನ್ನು ಬಳಕೆಗೆ ತಂದದ್ದು ಒಂದು ದೋಷದ ಬೆನ್ನು ಹತ್ತಿದ ತನಿಖೆ. ಇಂಟೆಲ್ ಸಂಸ್ಥೆಯ ಡೋವ್ ಫ್ರೋಮನ್ ಕೆಟ್ಟ ಚಿಪ್ಪುಗಳನ್ನು ಪರೀಕ್ಷಿಸುತ್ತಿದ್ದಾಗ ಗೇಟಿನ ಸಂಪರ್ಕ ಕಡಿದುಹೋಗಿರುವುದನ್ನು ಕಂಡರು. ಹೀಗೆ ಕಡಿದ ಗೇಟಿನಲ್ಲಿ ಆವೇಶ ನಿಲ್ಲುವುದಾದರೆ ಅದನ್ನೇ ಸ್ಮೃತಿಯಾಗಿ ಬಳಸಬಾರದೇಕೆ ಎಂದು ಯೋಚಿಸಿದರು. 1971ರಲ್ಲಿ ಬಂದ ಅವರ 'ಈಪ್ರಾಮ್' ಚಿಪ್ಪು ಹಿಡಿಸುತ್ತಿದ್ದುದು 256 ಬೈಟ್. ಅಳಿಸಬೇಕಾದರೆ ಚಿಪ್ಪಿನ ಮೇಲಿನ ಗಾಜಿನ ಕಿಟಕಿಯ ಮೂಲಕ ಅತಿನೇರಳೆ ಬೆಳಕು ಹಾಯಿಸಬೇಕಿತ್ತು. 1980ರ ದಶಕದ ಆಟದ ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ಎಷ್ಟೋ ಯಂತ್ರಗಳಲ್ಲಿ ಇಂಥ ಚಿಪ್ಪುಗಳೇ ಇದ್ದವು.

ಮುಂದಿನ ಹೆಜ್ಜೆ ಜಪಾನಿನದು. ತೋಷಿಬಾ ಸಂಸ್ಥೆಯ ಫುಜಿಯೊ ಮಸುವೊಕ ಒಂದೊಂದು ಬೈಟನ್ನೂ ಬೇರೆ ಬೇರೆ ಅಳಿಸುವ ಅನುಕೂಲವನ್ನು ಬಿಟ್ಟುಕೊಟ್ಟು, ಕೋಶಗಳ ಇಡೀ ಗುಂಪನ್ನು ವಿದ್ಯುತ್ತಿನಿಂದ ಒಟ್ಟಿಗೆ ಅಳಿಸುವ ಸ್ಮೃತಿಯನ್ನು ರೂಪಿಸಿ 1984ರಲ್ಲಿ ಪ್ರಕಟಿಸಿದರು. ಅಳಿಸುವ ರೀತಿ ಕ್ಯಾಮೆರಾದ ಫ್ಲ್ಯಾಶ್ ಮಿಂಚಿದಂತಿದೆ ಎಂದು ಸಹೋದ್ಯೋಗಿ ಶೋಜಿ ಅರಿಯಿಜುಮಿ ಹೇಳಿದ್ದರಿಂದ 'ಫ್ಲ್ಯಾಶ್' ಎಂಬ ಹೆಸರು ನಿಂತಿತು. 1987ರಲ್ಲಿ ಅವರ ತಂಡ 'ನ್ಯಾಂಡ್' ಮಾದರಿಯನ್ನು ಮಂಡಿಸಿತು. ಇದರಲ್ಲಿ ಕೋಶಗಳು ಸರದ ಮಣಿಗಳಂತೆ ಒಂದರ ಹಿಂದೊಂದು ಪೋಣಿಸಿಕೊಂಡಿರುತ್ತವೆ. ಪ್ರತಿ ಕೋಶಕ್ಕೂ ಪ್ರತ್ಯೇಕ ತಂತಿ ಎಳೆಯಬೇಕಾಗಿಲ್ಲದ್ದರಿಂದ ಅದೇ ಸಿಲಿಕಾನಿನಲ್ಲಿ ಹೆಚ್ಚು ಬಿಟ್‌ಗಳು ಹಿಡಿಸುತ್ತವೆ. ಇದಕ್ಕೆ ತೆರುವ ಬೆಲೆ ಎಂದರೆ ಪುಟ ಪುಟವಾಗಿ ಓದಬೇಕು, ಪುಟ ಪುಟವಾಗಿ ಬರೆಯಬೇಕು, ಪುಟಗಳ ದೊಡ್ಡ ಕಂತೆಯನ್ನೇ ಒಟ್ಟಿಗೆ ಅಳಿಸಬೇಕು. ಇಂದಿನ ಬಹುತೇಕ ಎಲ್ಲ ಎಸ್‌ಎಸ್‌ಡಿಗಳ ಒಳಗಿರುವುದು ಈ ನ್ಯಾಂಡ್ ಫ್ಲ್ಯಾಶ್.

ಮಸುವೊಕ 1994ರಲ್ಲಿ ತೋಷಿಬಾ ಬಿಟ್ಟು ತೊಹೊಕು ವಿಶ್ವವಿದ್ಯಾಲಯ ಸೇರಿದರು. ತಮ್ಮ ಶೋಧಕ್ಕೆ ತಕ್ಕ ಪ್ರತಿಫಲ ದೊರೆಯಲಿಲ್ಲವೆಂದು 2004ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. 2006ರಲ್ಲಿ 8.7 ಕೋಟಿ ಯೆನ್‌ಗೆ ರಾಜಿಯಾಯಿತು.

ಡಿಸ್ಕಿನ ವೇಷ

ಚಿಪ್ಪು ಸಿದ್ಧವಾದರೆ ಸಾಲದು, ಅದು ಹಾರ್ಡ್ ಡಿಸ್ಕಿನಂತೆ ನಟಿಸಬೇಕು. ಕಂಪ್ಯೂಟರು 'ಇಲ್ಲಿ ಬರೆ, ಅಲ್ಲಿ ಓದು' ಎಂದರೆ ಕಂತೆಗಟ್ಟಲೆ ಅಳಿಸುವ, ಬಳಸಿದಂತೆ ಸವೆಯುವ ಫ್ಲ್ಯಾಶ್ ಅದನ್ನು ಹಾಗೆಯೇ ಪಾಲಿಸಲಾರದು. ನಡುವೆ ಒಬ್ಬ ದುಭಾಷಿ ಬೇಕು. ಅದೇ ನಿಯಂತ್ರಕ ಚಿಪ್ಪು. ಯಾವ ಮಾಹಿತಿ ಯಾವ ಪುಟದಲ್ಲಿದೆ ಎಂಬ ಕೋಷ್ಟಕವನ್ನು ಅದು ಇಟ್ಟುಕೊಳ್ಳುತ್ತದೆ. ಸವೆತ ಎಲ್ಲ ಕೋಶಗಳಿಗೂ ಸಮವಾಗಿ ಹಂಚುವಂತೆ ಬರಹವನ್ನು ಜಾಗದಿಂದ ಜಾಗಕ್ಕೆ ಸರಿಸುತ್ತದೆ. ತಪ್ಪಿದ ಬಿಟ್‌ಗಳನ್ನು ತಿದ್ದುತ್ತದೆ.

ಈ ಕೆಲಸದಲ್ಲಿ ಮುಂದಿದ್ದ ಸಂಸ್ಥೆಗಳಲ್ಲಿ 1988ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭವಾದ ಸನ್‌ಡಿಸ್ಕ್ ಒಂದು. ಎಲಿ ಹರಾರಿ, ಜ್ಯಾಕ್ ಯುವಾನ್ ಅವರೊಂದಿಗೆ ಅದನ್ನು ಕಟ್ಟಿದ ಮೂರನೆಯವರು ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹರೋತ್ರ. ಈ ಸಂಸ್ಥೆ 1991ರಲ್ಲಿ ಐಬಿಎಂಗಾಗಿ 20 ಮೆಗಾಬೈಟ್‌ನ ಎಸ್‌ಎಸ್‌ಡಿ ತಯಾರಿಸಿತು. ಬೆಲೆ ಸುಮಾರು 1,000 ಡಾಲರ್. ಮೆಗಾಬೈಟಿಗೆ 50 ಡಾಲರ್! ಮುಂದೆ ಹೆಸರು ಸ್ಯಾನ್‌ಡಿಸ್ಕ್ ಎಂದು ಬದಲಾಯಿತು. 2008ರಲ್ಲಿ ಇಂಟೆಲ್ ಎಕ್ಸ್25-ಎಂ ಎಂಬ 80 ಗಿಗಾಬೈಟ್‌ನ ಎಸ್‌ಎಸ್‌ಡಿಯನ್ನು 595 ಡಾಲರಿಗೆ ಹೊರತಂದಾಗ ಮೆಗಾಬೈಟಿನ ಬೆಲೆ ಒಂದು ಸೆಂಟಿಗೂ ಕೆಳಗಿಳಿದಿತ್ತು.

ವೇಗದ ಮಾತಿಗೆ ಬರೋಣ. ಎಸ್‌ಎಸ್‌ಡಿಯಲ್ಲಿ ಬೇಕಾದ ಪುಟವನ್ನು ತಲುಪಲು ಸುಮಾರು 0.1 ಮಿಲಿಸೆಕೆಂಡ್ ಸಾಕು. ಹಾರ್ಡ್ ಡಿಸ್ಕಿನ 13ಕ್ಕೆ ಹೋಲಿಸಿದರೆ ಇದು ನೂರು ಪಟ್ಟಿಗೂ ಮಿಗಿಲಾದ ಜಿಗಿತ. ಮುಂದಿನ ಹೆಜ್ಜೆಗಳಲ್ಲಿ ಇಂಥ ಜಿಗಿತ ಮತ್ತೆ ಸಿಗಲಿಲ್ಲ. ಹಾರ್ಡ್ ಡಿಸ್ಕಿಗಾಗಿ ಮಾಡಿದ್ದ ಸಾಟಾ ಸಂಪರ್ಕದ ಮೂಲಕ ಸೆಕೆಂಡಿಗೆ ಸುಮಾರು 550 ಮೆಗಾಬೈಟ್ ಹಾಯಬಹುದು. 2011ರಲ್ಲಿ ಪ್ರಕಟವಾದ 'ಎನ್‌ವಿಎಂಇ' ಮಾನಕ ಎಸ್‌ಎಸ್‌ಡಿಯನ್ನು ಸಂಸ್ಕಾರಕಕ್ಕೆ ಹತ್ತಿರದ ಅಗಲವಾದ ದಾರಿಗೆ ಜೋಡಿಸಿತು. ಅಲ್ಲಿಂದ 3,500, 7,000, ಈಗ 14,000 ಮೆಗಾಬೈಟ್‌ನ ಎಸ್‌ಎಸ್‌ಡಿಗಳೂ ಬಂದಿವೆ. ಆದರೆ ಫ್ಲ್ಯಾಶಿನ ಒಂದು ಪುಟವನ್ನು ಓದಲು ಚಿಪ್ಪಿಗೇ ಹತ್ತಾರು ಮೈಕ್ರೊಸೆಕೆಂಡ್ ಬೇಕು. ದಾರಿ ಎಷ್ಟು ಅಗಲವಾದರೂ ಆ ಹೊತ್ತು ಅದೇ ಪ್ರಮಾಣದಲ್ಲಿ ತಗ್ಗುವುದಿಲ್ಲ.

ಒಂದು ಕೋಶ, ಹದಿನಾರು ಮಟ್ಟ

ಬೆಲೆ ಇಳಿಸಲು ತಯಾರಕರು ಕಂಡುಕೊಂಡ ಇನ್ನೊಂದು ದಾರಿ ಒಂದೇ ಕೋಶದಲ್ಲಿ ಹೆಚ್ಚು ಬಿಟ್‌ಗಳನ್ನು ತುಂಬುವುದು. ತೇಲುವ ಗೇಟಿನಲ್ಲಿ ಆವೇಶ ಇದೆ ಅಥವಾ ಇಲ್ಲ ಎಂದರೆ ಒಂದು ಬಿಟ್. ನಾಲ್ಕು ಮಟ್ಟಗಳನ್ನು ಗುರುತಿಸಿದರೆ ಎರಡು ಬಿಟ್, ಎಂಟು ಮಟ್ಟಗಳಿಗೆ ಮೂರು, ಹದಿನಾರು ಮಟ್ಟಗಳಿಗೆ ನಾಲ್ಕು. ಇವನ್ನು ಕ್ರಮವಾಗಿ ಎಸ್‌ಎಲ್‌ಸಿ, ಎಂಎಲ್‌ಸಿ, ಟಿಎಲ್‌ಸಿ, ಕ್ಯುಎಲ್‌ಸಿ ಎನ್ನುತ್ತಾರೆ. ಒಂದು ಲೋಟದ ನೀರನ್ನು 'ತುಂಬಿದೆ, ಖಾಲಿ' ಎಂದು ಹೇಳುವುದು ಸುಲಭ. ಹದಿನಾರು ಗೆರೆಗಳಲ್ಲಿ ಯಾವ ಗೆರೆಗೆ ನಿಂತಿದೆ ಎಂದು ಹೇಳುವುದು ಕಷ್ಟ. ಸ್ವಲ್ಪ ಆವಿಯಾದರೂ ಲೆಕ್ಕ ತಪ್ಪುತ್ತದೆ. ಹಾಗೆಯೇ ಮಟ್ಟಗಳು ಹೆಚ್ಚಿದಂತೆ ಬರೆಯುವುದು ನಿಧಾನ, ಬಾಳಿಕೆ ಕಡಿಮೆ, ತಪ್ಪುಗಳು ಹೆಚ್ಚು. 2013ರಲ್ಲಿ ಸ್ಯಾಮ್‌ಸಂಗ್ ಕೋಶಗಳನ್ನು ಬಹುಮಹಡಿ ಕಟ್ಟಡದಂತೆ 24 ಪದರಗಳಲ್ಲಿ ಪೇರಿಸಿದ ಚಿಪ್ಪನ್ನು ತಯಾರಿಸಿದ ಮೇಲೆ ಕೋಶದ ಗಾತ್ರವನ್ನು ಕುಗ್ಗಿಸಬೇಕಾದ ಒತ್ತಡ ಕಡಿಮೆಯಾಯಿತು.

ಆವೇಶ ಸೋರುವುದು ಬರಿಯ ಪುಸ್ತಕದ ಮಾತಲ್ಲ. 2013ರಲ್ಲಿ ಮಾರುಕಟ್ಟೆಗೆ ಬಂದ ಸ್ಯಾಮ್‌ಸಂಗ್ 840 ಇವೊ ಎಂಬ ಟಿಎಲ್‌ಸಿ ಎಸ್‌ಎಸ್‌ಡಿಯಲ್ಲಿ, ಬರೆದು ಕೆಲವು ವಾರಗಳಾದ ಮಾಹಿತಿಯನ್ನು ಓದುವ ವೇಗ ಗಣನೀಯವಾಗಿ ಇಳಿಯುತ್ತಿತ್ತು. ಹೊಸದಾಗಿ ಬರೆದದ್ದು ಮಾತ್ರ ಚುರುಕಾಗಿ ಬರುತ್ತಿತ್ತು. ಕೋಶಗಳ ವೋಲ್ಟೇಜ್ ಮಟ್ಟ ನಿಧಾನವಾಗಿ ಜಾರುತ್ತಿದ್ದುದನ್ನು ನಿಯಂತ್ರಕದ ತಂತ್ರಾಂಶ ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸಂಸ್ಥೆ 2014ರಲ್ಲಿ ಒಮ್ಮೆ, 2015ರಲ್ಲಿ ಇನ್ನೊಮ್ಮೆ ತಿದ್ದುಪಡಿ ಹೊರಡಿಸಿತು. ಎರಡನೆಯದು ಹಳೆಯ ಮಾಹಿತಿಯನ್ನು ಆಗಾಗ ತಾನಾಗಿ ಮತ್ತೆ ಬರೆಯುವ ಏರ್ಪಾಟನ್ನು ಸೇರಿಸಿತು. ಆಟಗಳನ್ನು ಇಡುವವರಿಗೆ ಈ ಪ್ರಸಂಗ ಮುಖ್ಯ. ಏಕೆಂದರೆ ಆಟವೆಂದರೆ ಒಮ್ಮೆ ಬರೆದು ತಿಂಗಳುಗಟ್ಟಲೆ ಓದುವ ಮಾಹಿತಿ.

ಕಾಯುವುದು ಯಾವುದಕ್ಕಾಗಿ?

2020ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ 5 ಮತ್ತು ಹೊಸ ಎಕ್ಸ್‌ಬಾಕ್ಸ್ ಎರಡೂ ಎಸ್‌ಎಸ್‌ಡಿಯನ್ನು ಅಳವಡಿಸಿಕೊಂಡವು. ಪ್ಲೇಸ್ಟೇಷನ್ 5ರದು 825 ಗಿಗಾಬೈಟ್, ಸೆಕೆಂಡಿಗೆ 5.5 ಗಿಗಾಬೈಟ್ ಓದಬಲ್ಲದು. ಅಡಕಗೊಳಿಸಿದ ಮಾಹಿತಿಯನ್ನು ಬಿಡಿಸಲು ಪ್ರತ್ಯೇಕ ಮಂಡಲವನ್ನೇ ಅದರಲ್ಲಿ ಕೂಡಿಸಲಾಗಿದೆ. ಹೀಗೇಕೆ ಮಾಡಿದರು? ಓದುವ ವೇಗ ಅಷ್ಟು ಹೆಚ್ಚಿದಾಗ ಬಿಡಿಸುವ ಕೆಲಸವನ್ನು ಮುಖ್ಯ ಸಂಸ್ಕಾರಕಕ್ಕೇ ಬಿಟ್ಟರೆ ಅದೇ ಹಿಂದೆ ಬೀಳುತ್ತಿತ್ತು.

ಇಲ್ಲಿ 1967ರ ಇನ್ನೊಂದು ಕೊಡುಗೆಯನ್ನು ನೆನೆಯಬೇಕು. ತೇಲುವ ಗೇಟು ಪ್ರಕಟವಾದ ಅದೇ ವರ್ಷ ಐಬಿಎಂನ ಜೀನ್ ಆಮ್ಡಾಲ್, ಒಂದು ಕೆಲಸದ ಒಂದು ಭಾಗವನ್ನು ಮಾತ್ರ ವೇಗಗೊಳಿಸಿದರೆ ಒಟ್ಟು ಲಾಭವನ್ನು ಉಳಿದ ಭಾಗವೇ ನಿರ್ಧರಿಸುತ್ತದೆ ಎಂಬ ವಾದವನ್ನು ಸಮ್ಮೇಳನವೊಂದರಲ್ಲಿ ಮಂಡಿಸಿದರು. ಅವರು ಹೇಳಿದ್ದು ಹಲವು ಸಂಸ್ಕಾರಕಗಳನ್ನು ಒಟ್ಟಿಗೆ ದುಡಿಸುವ ಬಗ್ಗೆ. ನಮ್ಮ ಪ್ರಶ್ನೆಗೂ ಅದು ಚೆನ್ನಾಗಿ ಒಪ್ಪುತ್ತದೆ.

ಒಂದು ಕಾಲ್ಪನಿಕ ಆಟವನ್ನು ತೆಗೆದುಕೊಳ್ಳೋಣ. ಅದು ತೆರೆದುಕೊಳ್ಳಲು 4,000 ಮೆಗಾಬೈಟ್ ಓದಬೇಕು. ಓದಿದ ಮೇಲೆ ಸಂಸ್ಕಾರಕಕ್ಕೆ 8 ಸೆಕೆಂಡುಗಳ ಕೆಲಸವಿದೆ. ಸೆಕೆಂಡಿಗೆ 100 ಮೆಗಾಬೈಟ್ ಕೊಡುವ ಹಾರ್ಡ್ ಡಿಸ್ಕಿನಲ್ಲಿ 40 ಕೂಡಿಸು 8, ಒಟ್ಟು 48 ಸೆಕೆಂಡು. ಸೆಕೆಂಡಿಗೆ 500 ಮೆಗಾಬೈಟ್ ಕೊಡುವ ಎಸ್‌ಎಸ್‌ಡಿಯಲ್ಲಿ 8 ಕೂಡಿಸು 8, ಒಟ್ಟು 16. ಸೆಕೆಂಡಿಗೆ 3,500 ಆದರೆ ಸುಮಾರು 9.1. ಸೆಕೆಂಡಿಗೆ 7,000 ಆದರೆ 8.6. ಮೊದಲ ಹೆಜ್ಜೆಯಲ್ಲಿ 32 ಸೆಕೆಂಡು ಉಳಿಯಿತು, ಎರಡನೆಯದರಲ್ಲಿ 7, ಕೊನೆಯದರಲ್ಲಿ ಅರ್ಧ ಸೆಕೆಂಡು. ವೇಗವನ್ನು ಇನ್ನು ಎಷ್ಟು ಏರಿಸಿದರೂ 8ಕ್ಕಿಂತ ಕೆಳಗಿಳಿಯಲಾಗದು. ಓದುವುದು ಮತ್ತು ಲೆಕ್ಕ ಮಾಡುವುದು ಏಕಕಾಲದಲ್ಲಿ ನಡೆಯುವಂತೆ ಬರೆದ ಆಟಗಳಲ್ಲಿ ಅಂಕಿಗಳು ಬೇರೆಯಾಗುತ್ತವೆ, ನೀತಿ ಬೇರೆಯಾಗುವುದಿಲ್ಲ.

ನಿಜ ಜೀವನದಲ್ಲೂ ಹೀಗೇ ಆಗಿದೆ. 'ಗ್ರ್ಯಾಂಡ್ ಥೆಫ್ಟ್ ಆಟೋ ಆನ್‌ಲೈನ್' ಎಂಬ ಆಟ 2013ರಿಂದಲೂ ತೆರೆದುಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತಿತ್ತು. 2021ರಲ್ಲಿ ಒಬ್ಬ ಹವ್ಯಾಸಿ ಆ ಹೊತ್ತಿನಲ್ಲಿ ಕಂಪ್ಯೂಟರು ಏನು ಮಾಡುತ್ತಿರುತ್ತದೆ ಎಂದು ಅಳೆದು ನೋಡಿದ. ಡಿಸ್ಕು ಸುಮ್ಮನೆ ಕುಳಿತಿತ್ತು! ಸುಮಾರು 63,000 ಬಾಬತ್ತುಗಳ 10 ಮೆಗಾಬೈಟಿನ ಪಟ್ಟಿಯೊಂದನ್ನು ಸಂಸ್ಕಾರಕವು ಅತ್ಯಂತ ಅದಕ್ಷವಾಗಿ, ಪ್ರತಿ ಬಾಬತ್ತಿಗೂ ಮೊದಲಿನಿಂದ ಹುಡುಕುತ್ತ ಓದುತ್ತಿತ್ತು. ಅದನ್ನು ಸರಿಪಡಿಸಿದಾಗ ಆತನ ಕಂಪ್ಯೂಟರಿನಲ್ಲಿ ಕಾಯುವ ಅವಧಿ ಸುಮಾರು ಶೇಕಡ 70ರಷ್ಟು ಕಡಿಮೆಯಾಯಿತು. ಆಟದ ಒಡೆಯರು ಇದನ್ನು ಒಪ್ಪಿ ತಿದ್ದಿಕೊಂಡು ಬಹುಮಾನವನ್ನೂ ಕೊಟ್ಟರು. ಅದುವರೆಗಿನ ವರ್ಷಗಳಲ್ಲಿ ಈ ಒಂದು ಆಟಕ್ಕಾಗಿ ಇನ್ನೂ ವೇಗದ ಎಸ್‌ಎಸ್‌ಡಿ ಕೊಂಡವರ ಹಣ ಏನಾಯಿತು ಎಂದು ಯೋಚಿಸಿ.

ಇನ್ನೊಂದು ಪ್ರಸಂಗ 2025ರದು. ಸ್ವೀಡನ್ನಿನ ಆರೋಹೆಡ್ ಸಂಸ್ಥೆಯ 'ಹೆಲ್‌ಡೈವರ್ಸ್ 2' ಕಂಪ್ಯೂಟರಿನಲ್ಲಿ ಸುಮಾರು 154 ಗಿಗಾಬೈಟ್ ಜಾಗ ಹಿಡಿಯುತ್ತಿತ್ತು. ಕಾರಣ ಮೇಲೆ ಹೇಳಿದ ನಕಲುಗಳು. ಹಾರ್ಡ್ ಡಿಸ್ಕು ಬಳಸುವವರಿಗೆ ನಕಲುಗಳಿಲ್ಲದಿದ್ದರೆ ಕಾಯುವ ಹೊತ್ತು ಹಲವು ಪಟ್ಟು ಹೆಚ್ಚುತ್ತದೆ ಎಂದು ತಯಾರಕರು ಅಂದಾಜು ಮಾಡಿದ್ದರು. ಕೊನೆಗೆ ಅಳೆದು ನೋಡಿದಾಗ ಹೊತ್ತಿನ ಹೆಚ್ಚಿನ ಪಾಲು ಆಟದ ನೆಲವನ್ನು ಲೆಕ್ಕ ಮಾಡಿ ಹುಟ್ಟಿಸುವುದಕ್ಕೇ ಹೋಗುತ್ತಿತ್ತು. ಎಲೀಟ್ ಆಟದ ಗ್ರಹಗಳು ನೆನಪಾಗಬಹುದು. ನಕಲುಗಳನ್ನು ತೆಗೆದರು. ಆಟ ಸುಮಾರು 23 ಗಿಗಾಬೈಟಿಗೆ ಇಳಿಯಿತು. ಹಾರ್ಡ್ ಡಿಸ್ಕಿನಲ್ಲೂ ಹೆಚ್ಚಿದ್ದು ಕೆಲವೇ ಸೆಕೆಂಡು.

ಹಾಗೆಂದು ವೇಗ ವ್ಯರ್ಥವೆಂದಲ್ಲ. 2023ರ 'ಸ್ಟಾರ್‌ಫೀಲ್ಡ್'ನಂತಹ ಆಟಗಳು ಎಸ್‌ಎಸ್‌ಡಿ ಕಡ್ಡಾಯವೆಂದೇ ಹೇಳುತ್ತವೆ. ಎಸ್‌ಎಸ್‌ಡಿಯಿಂದ ಚಿತ್ರ ಸಂಸ್ಕಾರಕಕ್ಕೆ ಮಾಹಿತಿಯನ್ನು ಚುರುಕಾಗಿ ಸಾಗಿಸುವ 'ಡೈರೆಕ್ಟ್‌ಸ್ಟೋರೇಜ್' ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ 2022ರಲ್ಲಿ ಪರ್ಸನಲ್ ಕಂಪ್ಯೂಟರುಗಳಿಗೂ ಒದಗಿಸಿತು. ಅದನ್ನು ಚೆನ್ನಾಗಿ ಬಳಸುವ ಆಟಗಳಲ್ಲಿ ಎನ್‌ವಿಎಂಇ ಎಸ್‌ಎಸ್‌ಡಿಯ ಲಾಭ ಹೆಚ್ಚು.

ಆಯ್ಕೆ ಹೇಗೆ?

ಈಗ ಅಂಗಡಿಗೆ ಹಿಂದಿರುಗೋಣ. ಇತಿಹಾಸ ಹೇಳುವ ಮಾತುಗಳು ಇವು.

ಮೊದಲನೆಯದು, ಜಾಗ. ಪ್ಲೇಸ್ಟೇಷನ್ ಕಾಲದಿಂದಲೂ ಆಟಗಳು ವಿಸ್ತಾರವನ್ನೇ ಆರಿಸಿಕೊಂಡಿವೆ. 100 ಗಿಗಾಬೈಟ್ ಮೀರುವ ಆಟಗಳು ಇಂದು ಅಪರೂಪವಲ್ಲ. ಒಂದೇ ಹಣಕ್ಕೆ ಅತಿವೇಗದ 1 ಟೆರಾಬೈಟ್ ಅಥವಾ ಸಾಧಾರಣ ವೇಗದ 2 ಟೆರಾಬೈಟ್ ಸಿಗುವುದಾದರೆ ಆಟಗಳ ಕಣಜಕ್ಕೆ ಎರಡನೆಯದೇ ಮೇಲು. ಕಣಜವನ್ನು ಕಂಠದವರೆಗೆ ತುಂಬಬಾರದು. ಪುಟಗಳನ್ನು ಸರಿಸಲು ನಿಯಂತ್ರಕಕ್ಕೆ ಖಾಲಿ ಜಾಗ ಬೇಕು. ಹತ್ತರಲ್ಲಿ ಒಂದು ಪಾಲಾದರೂ ಬಿಟ್ಟಿರಿ.

ಎರಡನೆಯದು, ಬಾಳಿಕೆ. ಕ್ಯುಎಲ್‌ಸಿ ಬೇಗ ಸವೆಯುತ್ತದೆಂಬ ಭಯವನ್ನು ಲೆಕ್ಕ ಹಾಕಿ ನೋಡಬೇಕು. 2018ರಲ್ಲಿ ಬಂದ ಇಂಟೆಲ್ 660ಪಿ ಎಂಬ 1 ಟೆರಾಬೈಟಿನ ಕ್ಯುಎಲ್‌ಸಿ ಎಸ್‌ಎಸ್‌ಡಿಗೆ 200 ಟೆರಾಬೈಟ್ ಬರೆಯುವವರೆಗೆ ಖಾತರಿ ಇತ್ತು. ವಾರಕ್ಕೊಂದು 100 ಗಿಗಾಬೈಟಿನ ಆಟವನ್ನು ಇಳಿಸಿಕೊಂಡರೂ ವರ್ಷಕ್ಕೆ 5.2 ಟೆರಾಬೈಟ್. ಖಾತರಿಯ ಮಿತಿ ಮುಟ್ಟಲು 38 ವರ್ಷ! ಕ್ಯುಎಲ್‌ಸಿಯ ಬರೆಯುವ ವೇಗ ಕುಸಿಯುತ್ತದೆಂಬುದೂ ನಿಜವೇ. ವೇಗದ ತಾತ್ಕಾಲಿಕ ಜಾಗ ತುಂಬಿದ ಮೇಲೆ 660ಪಿಯಂಥವು ಸೆಕೆಂಡಿಗೆ 100 ಮೆಗಾಬೈಟ್ ಸುಮಾರಿಗೆ ಇಳಿಯುತ್ತಿದ್ದವು. ಆದರೆ ಸೆಕೆಂಡಿಗೆ 100 ಮೆಗಾಬಿಟ್‌ನ ಅಂತರಜಾಲ ಸಂಪರ್ಕ ತರುವುದು 12.5 ಮೆಗಾಬೈಟ್ ಮಾತ್ರ. ವಿಡಿಯೊ ಸಂಕಲನ ಮಾಡುವವರಿಗೆ ಟಿಎಲ್‌ಸಿ ಬೇಕು; ಆಟಗಳನ್ನಷ್ಟೇ ಇಡುವವರಿಗೆ ಬೆಲೆಯಲ್ಲಿ ನಿಜವಾದ ವ್ಯತ್ಯಾಸವಿದ್ದರೆ ಕ್ಯುಎಲ್‌ಸಿಯೂ ನಡೆಯುತ್ತದೆ. ಬೆಲೆ ಹೆಚ್ಚು ಕಡಿಮೆ ಒಂದೇ ಆದರೆ ಟಿಎಲ್‌ಸಿಯನ್ನೇ ಆರಿಸುವುದು ಸರಿ.

ಮೂರನೆಯದು, ಹೊಂದಾಣಿಕೆ. ಹಳೆಯ ಕಂಪ್ಯೂಟರಿನಲ್ಲಿ ಸಾಟಾ ಸಂಪರ್ಕ ಮಾತ್ರ ಇದ್ದರೆ ಸಾಟಾ ಎಸ್‌ಎಸ್‌ಡಿಯೇ ದೊಡ್ಡ ಜಿಗಿತ. ಪ್ಲೇಸ್ಟೇಷನ್ 5ಕ್ಕೆ ನಿಯಮವೇ ಬೇರೆ. ಒಳಗೆ ಸೇರಿಸುವ ಎಸ್‌ಎಸ್‌ಡಿ ಸೆಕೆಂಡಿಗೆ 5,500 ಮೆಗಾಬೈಟ್ ಅಥವಾ ಅದಕ್ಕಿಂತ ಹೆಚ್ಚು ಓದುವಂಥದ್ದಾಗಿರಲಿ, ಶಾಖ ಹೀರುವ ಪಟ್ಟಿಯೂ ಇರಲಿ ಎಂದು ಸೋನಿ ಹೇಳುತ್ತದೆ. ಯುಎಸ್‌ಬಿ ಮೂಲಕ ಜೋಡಿಸಿದ ಸಾಧನದಲ್ಲಿ ಆ ಯಂತ್ರದ ಆಟಗಳನ್ನು ಇಡಬಹುದು, ಅಲ್ಲಿಂದಲೇ ಆಡಲು ಬರುವುದಿಲ್ಲ. ಕಣಜದಲ್ಲಿ ಭತ್ತ ಇಡಬಹುದು, ಅಡುಗೆ ಒಲೆಯ ಮೇಲೆಯೇ ಆಗಬೇಕು. ಕಂಪ್ಯೂಟರಿನಲ್ಲೂ ಆಡದ ಆಟಗಳನ್ನು ಹಳೆಯ ಹಾರ್ಡ್ ಡಿಸ್ಕಿನಲ್ಲಿಟ್ಟು ಆಡುವವನ್ನು ಮಾತ್ರ ಎಸ್‌ಎಸ್‌ಡಿಗೆ ತಂದುಕೊಳ್ಳುವುದು ಜಾಣತನ.

ಉಳಿಯುವುದು ಯಾವುದು?

ಕಡೆಯದಾಗಿ ಒಂದು ಎಚ್ಚರಿಕೆ. ಕಣಜ ಬೇರೆ, ಭಂಡಾರ ಬೇರೆ. ಎಸ್‌ಎಸ್‌ಡಿಗಳ ಬಾಳಿಕೆಯನ್ನು ಪರೀಕ್ಷಿಸಲು 2010ರಲ್ಲಿ ರೂಪಿಸಿದ ಅಂತರರಾಷ್ಟ್ರೀಯ ಮಾನಕದ ಪ್ರಕಾರ, ಖಾತರಿಯಷ್ಟು ಬರೆದು ಮುಗಿಸಿದ ಮನೆಬಳಕೆಯ ಎಸ್‌ಎಸ್‌ಡಿಯೊಂದು ವಿದ್ಯುತ್ ಇಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಂಡರೆ ಸಾಕು. ಹೊಸದರಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಉಷ್ಣತೆ ಏರಿದರೆ ಸೋರಿಕೆ ಬೇಗ. ನಮ್ಮ ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಕಪಾಟಿನಲ್ಲಿಟ್ಟ ಎಸ್‌ಎಸ್‌ಡಿಗೆ 30 ಡಿಗ್ರಿ ಎಂಬುದು ತಂಪು. ಮಾರಾಟಗಾರರಿಂದ ಮತ್ತೆ ಇಳಿಸಿಕೊಳ್ಳಬಹುದಾದ ಆಟ ಹೋದರೆ ಚಿಂತೆಯಿಲ್ಲ. ವಿದ್ಯಾರ್ಥಿಗಳು ತಾವೇ ಬರೆದ ಆಟ, ಶಾಲೆಯ ಚಿತ್ರಗಳು, ಅಂಕಪಟ್ಟಿಗಳು ಹಾಗಲ್ಲ. ಅವಕ್ಕೆ ಇನ್ನೊಂದು ಪ್ರತಿ ಬೇರೊಂದು ಕಡೆ ಇರಲೇಬೇಕು. ಈಪ್ರಾಮ್‌ಗಳಲ್ಲಿದ್ದ ಹಳೆಯ ಆಟಗಳು ಇಂದಿಗೂ ಉಳಿದಿದ್ದರೆ, ಆವೇಶ ಸೋರಿಹೋಗುವ ಮೊದಲು ಆಸಕ್ತರು ಅವುಗಳ ಪ್ರತಿ ತೆಗೆದಿಟ್ಟದ್ದೇ ಕಾರಣ.

ಶಿಕ್ಷಕರು ತರಗತಿಯಲ್ಲಿ ಒಂದು ಸರಳ ಪ್ರಯೋಗ ಮಾಡಿಸಬಹುದು. ಶಾಲೆಯ ಕಂಪ್ಯೂಟರಿನಲ್ಲಿ ದೊಡ್ಡ ತಂತ್ರಾಂಶವೊಂದು ತೆರೆದುಕೊಳ್ಳುವ ಹೊತ್ತನ್ನು ಗಡಿಯಾರ ಹಿಡಿದು ಅಳೆಯಲಿ. ಆ ಹೊತ್ತಿನಲ್ಲಿ ಡಿಸ್ಕು ಎಷ್ಟು ದುಡಿಯುತ್ತಿದೆ, ಸಂಸ್ಕಾರಕ ಎಷ್ಟು ದುಡಿಯುತ್ತಿದೆ ಎಂಬುದನ್ನು ಕಂಪ್ಯೂಟರೇ ತೋರಿಸುತ್ತದೆ, ಅದನ್ನೂ ಬರೆದಿಟ್ಟುಕೊಳ್ಳಲಿ. ಡಿಸ್ಕು ಬಿಡುವಿಲ್ಲದೆ ದುಡಿಯುತ್ತಿದ್ದರೆ ಎಸ್‌ಎಸ್‌ಡಿಗೆ ಹಾಕಿದ ಹಣ ಸಾರ್ಥಕ. ಡಿಸ್ಕು ಸುಮ್ಮನಿದ್ದರೆ ಕೊರತೆ ಬೇರೆ ಎಲ್ಲೋ ಇದೆ. ಪೊಟ್ಟಣದ ಮೇಲಿನ ಅಂಕಿಯನ್ನು ನಂಬುವ ಮೊದಲು ಅಳೆದು ನೋಡುವ ಈ ಅಭ್ಯಾಸ ಬಂದರೆ, ಆಟದ ನೆಪದಲ್ಲಿ ವಿಜ್ಞಾನದ ಮೊದಲ ಪಾಠವನ್ನು ಕಲಿತಂತೆಯೇ.